ಮೂಲೆ ಕತ್ತರಿಸಿದ ಹಾಡುಗಳು

ಎಪ್ಪತ್ತರ ದಶಕದಲ್ಲಿ ಅಮೆರಿಕದ ರೆಕಾರ್ಡು ಅಂಗಡಿಗಳಲ್ಲಿ, ಹೊಸ ಸರಕು ಥಳಥಳಿಸುವ ಮುಂಭಾಗವನ್ನು ದಾಟಿ ಹೋದರೆ, ಹಿಂದಿನ ಗೋಡೆಗೆ ತಾಗಿಸಿಟ್ಟ ಒಂದು ಪೆಟ್ಟಿಗೆ ಕಾಣುತ್ತಿತ್ತು. ಅದರೊಳಗಿನ ಎಲ್.ಪಿ. ತಟ್ಟೆಗಳು ಯಾರೋ ಬಳಸಿ ಬಿಟ್ಟವಲ್ಲ. ಒಮ್ಮೆಯೂ ಸೂಜಿ ಸೋಕದವು. ಆದರೆ ಅವುಗಳ ರಟ್ಟಿನ ಹೊದಿಕೆಯ ಒಂದು ಮೂಲೆ ಕತ್ತರಿಸಿರುತ್ತಿತ್ತು, ಇಲ್ಲವೇ ಅಂಚಿನಲ್ಲೊಂದು ತೂತು ಕೊರೆದಿರುತ್ತಿತ್ತು. ಬೆಲೆ ಮಾತ್ರ ಬಲು ಅಗ್ಗ.

ಇದರ ಹಿಂದೆ ಒಂದು ವ್ಯಾಪಾರದ ಲೆಕ್ಕವಿದೆ. ಮಾರಾಟವಾಗದೆ ಉಳಿದ ತಟ್ಟೆಗಳನ್ನು ಅಂಗಡಿಯವರು ಕಂಪನಿಗೆ ಹಿಂತಿರುಗಿಸಬಹುದಿತ್ತು. ಹಾಗೆ ರಾಶಿ ಬಿದ್ದ ಆಲ್ಬಂ ಅನ್ನು ಕಂಪನಿ ತನ್ನ ಪಟ್ಟಿಯಿಂದಲೇ ತೆಗೆದುಹಾಕಿ, ಉಳಿದ ಪ್ರತಿಗಳನ್ನು ಸಗಟಾಗಿ ಚಿಲ್ಲರೆ ಕಾಸಿಗೆ ಕೊಟ್ಟುಬಿಡುತ್ತಿತ್ತು. ಅಗ್ಗಕ್ಕೆ ಕೊಂಡವನು ಮತ್ತೆ ಪೂರ್ಣ ಬೆಲೆಗೆ ಹಿಂತಿರುಗಿಸಬಾರದಲ್ಲ, ಅದಕ್ಕಾಗಿ ಈ ಗುರುತು. ಅಂದರೆ ಮೂಲೆ ಕತ್ತರಿಸಿದ ತಟ್ಟೆ ಎಂದರೆ ಮಾರುಕಟ್ಟೆ ಕೈತೊಳೆದುಕೊಂಡ ತಟ್ಟೆ.

ಆ ಪೆಟ್ಟಿಗೆಯ ಮುಂದೆ ಗಂಟೆಗಟ್ಟಲೆ ಕುಕ್ಕುರುಗಾಲಿನಲ್ಲಿ ಕೂತು ಒಂದೊಂದನ್ನೇ ಸರಿಸಿ ನೋಡುತ್ತಿದ್ದವರು ರೆಕಾರ್ಡು ಸಂಗ್ರಾಹಕರು. ಮನೆಯವರ ದೃಷ್ಟಿಯಲ್ಲಿ ಇದೊಂದು ವಾಸಿಯಾಗದ ಹುಚ್ಚು. ಆದರೆ ರಾಕ್ ಮತ್ತು ಕಂಟ್ರಿ ಸಂಗೀತದ ಚರಿತ್ರೆ ಎಂದು ಇಂದು ಪುಸ್ತಕಗಳಲ್ಲಿ ಓದುವುದರ ಒಂದು ದೊಡ್ಡ ಪಾಲು ಎದ್ದುಬಂದಿರುವುದು ಆ ಪೆಟ್ಟಿಗೆಯಿಂದಲೇ.

ಇಂಥ ಕೆಲಸ ಎಪ್ಪತ್ತರ ದಶಕದಲ್ಲಿ ಶುರುವಾದದ್ದೇನಲ್ಲ. ಎಲ್.ಪಿ. ಬರುವುದಕ್ಕೂ ಮುಂಚೆ, ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಗಳ ಕಾಲದಲ್ಲೇ ಅದು ನಡೆದಿತ್ತು. ಆ ತಟ್ಟೆಗಳಿಗೂ ನಮಗೂ ಒಂದು ನೆಂಟಸ್ತನವಿದೆ. ಅವುಗಳನ್ನು ಗಟ್ಟಿಯಾಗಿ ಹಿಡಿದಿಡುತ್ತಿದ್ದ ವಸ್ತು ಅರಗು: ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವ, ಪಾಂಡವರನ್ನು ಸುಡಲೆಂದು ಮನೆ ಕಟ್ಟಿಸಿದ ಅದೇ ಅರಗು. ಅದರ ಬಹುಪಾಲು ಭಾರತದಿಂದ, ಮುಖ್ಯವಾಗಿ ಇಂದಿನ ಜಾರ್ಖಂಡ್ ಸೀಮೆಯ ಕಾಡುಗಳಿಂದ ಹೋಗುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಹಡಗಿನ ದಾರಿ ಕಷ್ಟವಾಗಿ, ಅರಗು ಯುದ್ಧಸಾಮಗ್ರಿಗೂ ಬೇಕಾದಾಗ, ಅಮೆರಿಕ ಸರ್ಕಾರ 1942ರಲ್ಲಿ ರೆಕಾರ್ಡು ಕಂಪನಿಗಳ ಅರಗಿನ ಬಳಕೆಗೆ ಕಡಿವಾಣ ಹಾಕಿತು. ಹಳೆಯ ತಟ್ಟೆಗಳನ್ನು ಜನರಿಂದ ಸಂಗ್ರಹಿಸಿ, ಪುಡಿಮಾಡಿ, ಹೊಸ ತಟ್ಟೆಗಳನ್ನು ಒತ್ತತೊಡಗಿದರು. ಇಪ್ಪತ್ತರ ದಶಕದ ಹಳ್ಳಿಗಾಡಿನ ಎಷ್ಟು ಹಾಡುಗಳು ಹಾಗೆ ಪುಡಿಯಾದವೋ ಲೆಕ್ಕ ಇಟ್ಟವರಿಲ್ಲ.

ಅದೇ ವರ್ಷಗಳಲ್ಲಿ ಹ್ಯಾರಿ ಸ್ಮಿತ್ ಎಂಬ ಯುವಕ ಅಂಥ ತಟ್ಟೆಗಳನ್ನು ಗುಡ್ಡೆ ಹಾಕಿಕೊಳ್ಳುತ್ತಿದ್ದ. ಕೈಯಲ್ಲಿ ಕಾಸಿಲ್ಲದಾಗ ಸಂಗ್ರಹವನ್ನು ಮಾರಲು ನ್ಯೂಯಾರ್ಕಿನ ಫೋಕ್‌ವೇಸ್ ಕಂಪನಿಗೆ ಹೋದ. ಅದರ ಒಡೆಯ ಮೋಸೆಸ್ ಆಶ್, ಮಾರುವುದಕ್ಕಿಂತ ಆರಿಸಿ ಜೋಡಿಸಿಕೊಡು ಎಂದ. 1952ರಲ್ಲಿ ಹೊರಬಂದದ್ದು ಆರು ಎಲ್.ಪಿ.ಗಳ, 84 ಹಾಡುಗಳ 'ಆಂಥಾಲಜಿ ಆಫ್ ಅಮೆರಿಕನ್ ಫೋಕ್ ಮ್ಯೂಸಿಕ್'. ಹಾಡುಗಾರರಲ್ಲಿ ಯಾರು ಕರಿಯರು, ಯಾರು ಬಿಳಿಯರು ಎಂಬುದನ್ನು ಸ್ಮಿತ್ ಬೇಕೆಂದೇ ಬರೆಯಲಿಲ್ಲ. ಅದರಲ್ಲಿ 1928ರಲ್ಲಿ ಹಾಡಿ ಮರೆಯಾಗಿದ್ದ ಮಿಸಿಸಿಪ್ಪಿ ಜಾನ್ ಹರ್ಟ್ ಎಂಬಾತನ ದನಿಯೂ ಇತ್ತು. ಆತ ಸತ್ತೇಹೋಗಿರಬೇಕೆಂದು ಎಲ್ಲರೂ ತಿಳಿದಿದ್ದರು. ಆತನ ಇನ್ನೊಂದು ಹಳೆಯ ಹಾಡಿನಲ್ಲಿ ಬರುವ ಅವಲಾನ್ ಎಂಬ ಊರಿನ ಹೆಸರನ್ನು ಹಿಡಿದುಕೊಂಡು 1963ರಲ್ಲಿ ಸಂಗ್ರಾಹಕನೊಬ್ಬ ಹುಡುಕುತ್ತ ಹೋದರೆ, ಮುದುಕ ಅದೇ ಊರಲ್ಲಿ ಕೂಲಿನಾಲಿ ಮಾಡಿಕೊಂಡು ಬದುಕಿದ್ದ! ಆ ಬೇಸಿಗೆಯಲ್ಲೇ ನ್ಯೂಪೋರ್ಟ್ ಜನಪದ ಉತ್ಸವದ ವೇದಿಕೆ ಹತ್ತಿದ. 1966ರಲ್ಲಿ ತೀರಿಕೊಳ್ಳುವವರೆಗೆ ಮೂರು ವರ್ಷ ಹಾಡಿದ. ಗುಜರಿ ತಟ್ಟೆಯೊಂದು ಉಳಿದದ್ದರಿಂದ ಒಬ್ಬ ಮನುಷ್ಯ ತನ್ನ ಕೇಳುಗರನ್ನು ಕಂಡುಕೊಂಡ.

ಇನ್ನು ಎಲ್.ಪಿ. ಯುಗಕ್ಕೆ ಬರೋಣ. 1968ರ ಅಮೆರಿಕದಲ್ಲಿ ರಾಕ್ ಮತ್ತು ಕಂಟ್ರಿ ಬರಿಯ ಎರಡು ಸಂಗೀತ ಪ್ರಕಾರಗಳಾಗಿರಲಿಲ್ಲ, ಎರಡು ಪಾಳೆಯಗಳಾಗಿದ್ದವು. ರಾಕ್ ಎಂದರೆ ಉದ್ದ ಕೂದಲು, ವಿಯೆಟ್ನಾಂ ಯುದ್ಧಕ್ಕೆ ವಿರೋಧ. ಕಂಟ್ರಿ ಎಂದರೆ ದಕ್ಷಿಣದ ಹಳ್ಳಿಗಾಡು, ಪಿಟೀಲು, ಸ್ಟೀಲ್ ಗಿಟಾರು, ಚರ್ಚು, ಬಾವುಟ. ಒಬ್ಬರ ರೇಡಿಯೊ ಕೇಂದ್ರವನ್ನು ಇನ್ನೊಬ್ಬರು ತಿರುಗಿಸುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಹೆಸರಾಂತ ರಾಕ್ ತಂಡ ಬರ್ಡ್ಸ್, ಗ್ರಾಮ್ ಪಾರ್ಸನ್ಸ್ ಎಂಬ 21 ವರ್ಷದ ಹುಡುಗನನ್ನು ಸೇರಿಸಿಕೊಂಡು ಕಂಟ್ರಿ ಸಂಗೀತದ ರಾಜಧಾನಿ ನ್ಯಾಶ್ವಿಲ್‌ಗೆ ಹೋಯಿತು. ಮಾರ್ಚ್ 15ರಂದು ಗ್ರ್ಯಾಂಡ್ ಓಲ್ ಆಪ್ರಿ ವೇದಿಕೆಯಲ್ಲಿ ಅವರಿಗೆ ಅವಕಾಶ ಸಿಕ್ಕಿತು. 1925ರಿಂದ ರೇಡಿಯೊದಲ್ಲಿ ನೇರ ಪ್ರಸಾರವಾಗುತ್ತಿದ್ದ, ಕಂಟ್ರಿ ಕಲಾವಿದರು ದೇವಸ್ಥಾನದಂತೆ ಕಾಣುತ್ತಿದ್ದ ವೇದಿಕೆ ಅದು. ಸಭಿಕರು ಗೇಲಿ ಮಾಡಿದರು. ಸಾಲದ್ದಕ್ಕೆ ಪಾರ್ಸನ್ಸ್, ಮೊದಲೇ ಒಪ್ಪಿಕೊಂಡಿದ್ದ ಹಾಡನ್ನು ಬಿಟ್ಟು, ಅಜ್ಜಿಗೆ ಅರ್ಪಣೆ ಎಂದು ಹೇಳಿ ತನ್ನದೇ ರಚನೆಯನ್ನು ಹಾಡಿಬಿಟ್ಟ. ವ್ಯವಸ್ಥಾಪಕರು ಕಿಡಿಕಿಡಿಯಾದರು.

ಆ ವರ್ಷದ ಆಗಸ್ಟ್‌ನಲ್ಲಿ ಬಂದ 'ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೊ' ಆಲ್ಬಂಗೆ ಎರಡೂ ಪಾಳೆಯ ಬಾಗಿಲು ಮುಚ್ಚಿತು. ಮಾರಾಟದ ಪಟ್ಟಿಯಲ್ಲಿ 77ನೇ ಸ್ಥಾನ ದಾಟಲಿಲ್ಲ. ಪಾರ್ಸನ್ಸ್ ಇನ್ನೊಂದು ಕಂಪನಿಯ ಕರಾರಿನಲ್ಲಿದ್ದನೆಂಬ ತಕರಾರು ಬಂದು, ಆತ ಹಾಡಿದ್ದ ಕೆಲವು ಹಾಡುಗಳಿಗೆ ಬಿಡುಗಡೆಗೆ ಮುನ್ನ ಬೇರೆ ದನಿ ಸೇರಿಸಿದ್ದರು. ಮೂಲದ ದನಿ ಹೇಗಿತ್ತು ಎಂಬ ಕುತೂಹಲ ಸಂಗ್ರಾಹಕರನ್ನು ಎರಡು ದಶಕ ಕಾಡಿತು. 1990ರಲ್ಲಿ ಕಂಪನಿ ತಂಡದ ಹಾಡುಗಳ ದೊಡ್ಡ ಸಂಪುಟ ಹೊರತಂದಾಗಲೇ ಅದು ಕೇಳಸಿಕ್ಕಿದ್ದು. ಪಾರ್ಸನ್ಸ್ ಮುಂದೆ ಕಟ್ಟಿದ ತಂಡದ 'ದಿ ಗಿಲ್ಡೆಡ್ ಪ್ಯಾಲೆಸ್ ಆಫ್ ಸಿನ್' (1969) 164ನೇ ಸ್ಥಾನಕ್ಕೆ ನಿಂತಿತು. 1973ರಲ್ಲಿ, 26ನೇ ವಯಸ್ಸಿನಲ್ಲಿ ಆತ ತೀರಿಕೊಂಡ. ಅದೇ ತಂಡದಲ್ಲಿ ಗಿಟಾರು ನುಡಿಸುತ್ತಿದ್ದ ಬರ್ನಿ ಲೆಡನ್ ಸೇರಿ ಕಟ್ಟಿದ್ದು ಈಗಲ್ಸ್. ಆ ತಂಡದ 1976ರ ಸಂಕಲನವೊಂದನ್ನು 2018ರಲ್ಲಿ ಅಮೆರಿಕದ ರೆಕಾರ್ಡು ಉದ್ಯಮ ಸಂಘ 3 ಕೋಟಿ 80 ಲಕ್ಷ ಪ್ರತಿಗಳ ಲೆಕ್ಕಕ್ಕೆ ಏರಿಸಿತು. ಗಿಡ ನೆಟ್ಟವನೊಬ್ಬ, ಹಣ್ಣು ತಿಂದವರು ಇನ್ನೊಬ್ಬರು ಎಂದು ಸಂಗ್ರಾಹಕರು ಇಂದಿಗೂ ಗೊಣಗುತ್ತಾರೆ. ಗೊಣಗಾಟದಲ್ಲಿ ಅಸೂಯೆ ಇದೆ, ಸತ್ಯವೂ ಇದೆ.

ಬರ್ಡ್ಸ್ ತಂಡದ ಸ್ಥಾಪಕರಲ್ಲೊಬ್ಬ, ಮೊದಲ ದಿನಗಳ ಮುಖ್ಯ ಗೀತಕಾರ ಜೀನ್ ಕ್ಲಾರ್ಕ್‌ನ ಕಥೆ ಇನ್ನೂ ವಿಷಾದದ್ದು. 1966ರಲ್ಲೇ ತಂಡ ಬಿಟ್ಟ ಆತ 1974ರಲ್ಲಿ 'ನೋ ಅದರ್' ಎಂಬ ಆಲ್ಬಂ ಮಾಡಿದ. ಖರ್ಚು ಒಂದು ಲಕ್ಷ ಡಾಲರಿಗೂ ಮಿಕ್ಕಿ. ಸಿಕ್ಕ ಹಾಡುಗಳು ಎಂಟೇ ಎಂಟು. ಅಸೈಲಂ ಕಂಪನಿಗೆ ಇದು ಸರಿಬರಲಿಲ್ಲ, ಪ್ರಚಾರಕ್ಕೆ ಮನಸ್ಸು ಮಾಡಲಿಲ್ಲ. 144ನೇ ಸ್ಥಾನ ಮುಟ್ಟಿ, ಎರಡೇ ವರ್ಷದಲ್ಲಿ ಪಟ್ಟಿಯಿಂದ ಹೊರಬಿತ್ತು. ಕಂಟ್ರಿಯ ಸರಳ ಧಾಟಿಯ ಮೇಲೆ ಗಾಯನವೃಂದ, ಕೀಬೋರ್ಡುಗಳ ಪದರ ಪದರ. ಮೊದಲ ಸಲ ಕೇಳಿದಾಗ ಮಸಾಲೆ ಹೆಚ್ಚಾದ ಅಡುಗೆಯಂತೆ ಅನ್ನಿಸುವುದು ಸಹಜ. ಮೂರನೆಯ ಸಲಕ್ಕೆ ಒಳಗಿನ ದುಃಖ ಕೇಳತೊಡಗುತ್ತದೆ. ಮೂರನೆಯ ಸಲ ಕೇಳುವ ತಾಳ್ಮೆ ಇದ್ದದ್ದು, ಅಗ್ಗಕ್ಕೆ ಸಿಕ್ಕಿತೆಂದು ಕೊಂಡವರಿಗೆ ಮಾತ್ರ. ಕ್ಲಾರ್ಕ್ 1991ರಲ್ಲಿ, 46ನೇ ವಯಸ್ಸಿನಲ್ಲಿ ಕಣ್ಮುಚ್ಚಿದ. 2014ರಲ್ಲಿ ಹೊಸ ತಲೆಮಾರಿನ ರಾಕ್ ಕಲಾವಿದರು ಒಟ್ಟಾಗಿ ಇಡೀ ಆಲ್ಬಂ ಅನ್ನು ಊರೂರಿನ ವೇದಿಕೆಗಳಲ್ಲಿ ಹಾಡಿದರು. 2019ರಲ್ಲಿ ಬ್ರಿಟನ್ನಿನ ಕಂಪನಿಯೊಂದು ಅದನ್ನು ವೈಭವದಿಂದ ಮತ್ತೆ ಹೊರತಂದಿತು.

ಒಳ್ಳೆಯದಾಗಿದ್ದರೆ ಆಗಲೇ ಏಕೆ ಓಡಲಿಲ್ಲ ಎಂದು ಓದುಗರು ಕೇಳಬಹುದು. ಮೆಂಫಿಸ್ ನಗರದ ಬಿಗ್ ಸ್ಟಾರ್ ತಂಡದ ಉದಾಹರಣೆ ನೋಡಿ. 1972ರ ಅವರ ಮೊದಲ ಆಲ್ಬಂಗೆ ವಿಮರ್ಶಕರು ಹೊಗಳಿಕೆಯ ಮಳೆಗರೆದರು. ಆದರೆ ವಿತರಣೆಯ ಹೊಣೆ ಸ್ಟ್ಯಾಕ್ಸ್ ಕಂಪನಿಯದು. ಸ್ಟ್ಯಾಕ್ಸ್ ಅದನ್ನು ಕೊಲಂಬಿಯಾಗೆ ವಹಿಸಿತು. ಇಬ್ಬರಿಗೂ ಜಗಳ ಹತ್ತಿತು. ಪತ್ರಿಕೆಯಲ್ಲಿ ಓದಿ ಅಂಗಡಿಗೆ ಓಡಿದವನಿಗೆ ತಟ್ಟೆಯೇ ಸಿಗುತ್ತಿರಲಿಲ್ಲ. ಎರಡನೆಯ ಆಲ್ಬಂಗೂ ಅದೇ ಗತಿ. 1975ರ ಕೊನೆಗೆ ಸ್ಟ್ಯಾಕ್ಸ್ ದಿವಾಳಿಯೆದ್ದಿತು. ಕೈಗೆ ಸಿಕ್ಕ ಕೆಲವೇ ಪ್ರತಿಗಳನ್ನು ಗೆಳೆಯರು ಒಬ್ಬರಿಂದೊಬ್ಬರು ಕ್ಯಾಸೆಟ್ಟಿಗೆ ಇಳಿಸಿಕೊಂಡರು. ಎಂಬತ್ತರ ದಶಕದಲ್ಲಿ ಆರ್.ಇ.ಎಂ.ನಂಥ ತಂಡಗಳು ಬಿಗ್ ಸ್ಟಾರ್ ತಮ್ಮ ಗುರು ಎಂದವು. 1986ರಲ್ಲಿ ಬ್ಯಾಂಗಲ್ಸ್ ತಂಡ ಅವರದೊಂದು ಹಾಡನ್ನು ತಮ್ಮ ಜನಪ್ರಿಯ ಆಲ್ಬಂನಲ್ಲಿ ಸೇರಿಸಿಕೊಂಡಿತು. ಇಲ್ಲಿ ಸೋತದ್ದು ಸಂಗೀತವಲ್ಲ, ಸಾಗಾಣಿಕೆ.

ಈ ತಟ್ಟೆಗಳ ಕುರಿತ ಮಾತು ನಡೆಯುತ್ತಿದ್ದುದು ಅಂಗಡಿಯ ಗಲ್ಲಾ ಮುಂದೆ, ವಾರದ ಕೊನೆಯ ರೆಕಾರ್ಡು ಸಂತೆಗಳಲ್ಲಿ, 1974ರಲ್ಲಿ ಶುರುವಾದ 'ಗೋಲ್ಡ್‌ಮೈನ್'ನಂಥ ಪತ್ರಿಕೆಗಳ ಜಾಹೀರಾತುಗಳಲ್ಲಿ. ಅವರದೇ ಒಂದು ಪರಿಭಾಷೆ ಬೆಳೆಯಿತು. ಹೊಚ್ಚಹೊಸದು 'ಮಿಂಟ್', ಸ್ವಲ್ಪ ಗೀರಿದ್ದರೆ 'ವೆರಿ ಗುಡ್', 'ಗುಡ್' ಎಂದರೆ ಕರಕರ ಸದ್ದಿಗೆ ಸಿದ್ಧರಾಗಿ ಎಂದರ್ಥ. ಮದುವೆ ದಲ್ಲಾಳಿ ಹುಡುಗನನ್ನು ವರ್ಣಿಸುವ ಭಾಷೆಯನ್ನು ಬಲ್ಲ ನಮಗೆ ಇದು ಕಷ್ಟವೇನಲ್ಲ. ವಾದಗಳಿಗಂತೂ ಕೊನೆಯಿಲ್ಲ. ವಿಲ್ಲಿ ನೆಲ್ಸನ್‌ನ ಕೃತಿಗಳಲ್ಲಿ ಜಗತ್ತು ಕೊಂಡಾಡುವುದು 1975ರ 'ರೆಡ್ ಹೆಡೆಡ್ ಸ್ಟ್ರೇಂಜರ್'. ಸಂಗ್ರಾಹಕರಲ್ಲಿ ಒಂದು ಪಂಗಡ ಅದಕ್ಕಿಂತ ಹಿಂದಿನ ವರ್ಷದ 'ಫೇಸಸ್ ಅಂಡ್ ಸ್ಟೇಜಸ್' ಮೇಲು ಎನ್ನುತ್ತದೆ. ಅದು ಮುರಿದ ಮದುವೆಯೊಂದರ ಕಥೆ. ತಟ್ಟೆಯ ಒಂದು ಬದಿ ಹೆಂಡತಿಯ ಕಡೆಯಿಂದ, ಇನ್ನೊಂದು ಬದಿ ಗಂಡನ ಕಡೆಯಿಂದ. ಅದನ್ನು ಹೊರತಂದ ಅಟ್ಲಾಂಟಿಕ್ ಕಂಪನಿ ಅದೇ ವರ್ಷ ತನ್ನ ಕಂಟ್ರಿ ವಿಭಾಗವನ್ನೇ ಮುಚ್ಚಿದ್ದರಿಂದ ಆಲ್ಬಂ ತಬ್ಬಲಿಯಾಯಿತು. ಈ ವಾದದಲ್ಲಿ ನನ್ನ ವೋಟು ತಬ್ಬಲಿಗೇ. ಕುಡಿದು ಅಳುವ ಗಂಡಸರ ಹಾಡು ಕಂಟ್ರಿಯಲ್ಲಿ ಬೇಕಾದಷ್ಟಿವೆ. ಪಾತ್ರೆ ತೊಳೆಯುತ್ತ ಮನೆ ಬಿಡುವ ತೀರ್ಮಾನ ಮಾಡುವ ಹೆಂಗಸಿಗೆ ಅರ್ಧ ತಟ್ಟೆ ಮೀಸಲಿಟ್ಟ ಗಂಡಸು ಅಪರೂಪ.

ಹುಚ್ಚು ಉದ್ಯಮವಾಗಿಯೂ ಬೆಳೆಯಿತು. ನ್ಯೂಯಾರ್ಕಿನ ರೆಕಾರ್ಡು ಅಂಗಡಿಯಲ್ಲಿ ದುಡಿಯುತ್ತಿದ್ದ ಲೆನ್ನಿ ಕೇ, ಮರೆತುಹೋದ ಸಣ್ಣ ರಾಕ್ ತಂಡಗಳ ಹಾಡುಗಳನ್ನು 1972ರಲ್ಲಿ 'ನಗೆಟ್ಸ್' ಎಂಬ ಜೋಡಿ ಆಲ್ಬಂ ಆಗಿ ಜೋಡಿಸಿಕೊಟ್ಟ. ಲಾಸ್ ಏಂಜಲೀಸಿನ ರೈನೊ ಎಂಬ ಅಂಗಡಿಯೇ ಮುಂದೆ ಮರುಮುದ್ರಣದ ದೊಡ್ಡ ಕಂಪನಿಯಾಯಿತು. ಜರ್ಮನಿಯ ಬೇರ್ ಫ್ಯಾಮಿಲಿ ಕಂಪನಿ 1975ರಿಂದ ಹಳೆಯ ಕಂಟ್ರಿ ಹಾಡುಗಳನ್ನು ಗ್ರಂಥಸಂಪುಟಗಳ ಗಾತ್ರದಲ್ಲಿ ಹೊರತರುತ್ತ ಬಂದಿದೆ. ಇದರ ಬೆಲೆ ತಿಳಿಯುವುದು ಅನಾಹುತವಾದಾಗ. 2008ರ ಜೂನ್ 1ರಂದು ಹಾಲಿವುಡ್ಡಿನ ಯೂನಿವರ್ಸಲ್ ಆವರಣದಲ್ಲಿ ಬೆಂಕಿ ಬಿದ್ದು, ಅಲ್ಲಿನ ಉಗ್ರಾಣದಲ್ಲಿದ್ದ ಮೂಲ ಧ್ವನಿಸುರುಳಿಗಳೂ ಸುಟ್ಟವು. ನಷ್ಟ ಎಷ್ಟೆಂಬ ಬಗ್ಗೆ ವಿವಾದವಿದೆ. ಆದರೆ ಮೂಲ ಸುರುಳಿ ಬೂದಿಯಾದ ಹಾಡಿಗೆ ಯಾರದೋ ಮನೆಯ ಕಪಾಟಿನ ತಟ್ಟೆಯೇ ಕೊನೆಯ ಸಾಕ್ಷಿಯಾಗಬಹುದು.

ಹಾಗೆಂದು ಸಂಗ್ರಾಹಕರ ತೀರ್ಪನ್ನು ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಅಪರೂಪವಾದದ್ದನ್ನು ಅಮೂಲ್ಯವೆಂದು ತಿಳಿಯುವ ಚಟ ಅವರಿಗೆ ಅಂಟಿಕೊಂಡಿದೆ. ಅದಕ್ಕಿಂತ ಗಂಭೀರವಾದ ಮಾತೆಂದರೆ, ಪೆಟ್ಟಿಗೆಯ ಮುಂದೆ ಕೂತವರಲ್ಲಿ ಹೆಚ್ಚಿನವರು ಬಿಳಿಯ ಯುವಕರು; ಅವರು ಎತ್ತಿ ಹಿಡಿದದ್ದೂ ಹೆಚ್ಚಾಗಿ ತಮ್ಮಂಥವರನ್ನೇ. ಹ್ಯಾರಿ ಸ್ಮಿತ್ ಬೇಕೆಂದೇ ಅಳಿಸಿದ್ದ ಬಣ್ಣದ ಗೆರೆ ಇವರ ಪಟ್ಟಿಗಳಲ್ಲಿ ತಾನಾಗಿಯೇ ಮೂಡಿತು. ದಕ್ಷಿಣ ಕೆರೊಲಿನಾದ ಲಿಂಡಾ ಮಾರ್ಟೆಲ್ 1969ರಲ್ಲಿ ಆ ಗ್ರ್ಯಾಂಡ್ ಓಲ್ ಆಪ್ರಿ ವೇದಿಕೆಯಲ್ಲಿ ಹಾಡಿದಳು. ಅಲ್ಲಿ ಒಬ್ಬಳೇ ನಿಂತು ಹಾಡಿದ ಮೊದಲ ಕಪ್ಪು ಮಹಿಳೆ ಆಕೆ. ಮರುವರ್ಷ 'ಕಲರ್ ಮಿ ಕಂಟ್ರಿ' ಎಂಬ ಆಲ್ಬಂ ಬಂತು. ಹೊರತಂದ ಕಂಪನಿಯ ಹೆಸರು, ವಿಪರ್ಯಾಸವೆಂಬಂತೆ, ಪ್ಲಾಂಟೇಶನ್: ಗುಲಾಮರು ದುಡಿದ ತೋಟಗಳನ್ನು ನೆನಪಿಸುವ ಮಾತು. ಸಭೆಗಳಲ್ಲಿ ಜನಾಂಗ ನಿಂದನೆಯ ಕೂಗು ಕೇಳಿದ ಆಕೆ ಕೆಲವೇ ವರ್ಷಗಳಲ್ಲಿ ನ್ಯಾಶ್ವಿಲ್ ಬಿಟ್ಟಳು. ಪಾರ್ಸನ್ಸ್‌ನ ಒಂದೊಂದು ಉಸಿರನ್ನೂ ದಾಖಲಿಸಿದ ಬಳಗದ ಮಾತಿನಲ್ಲಿ ಮಾರ್ಟೆಲ್ ಹೆಸರು ದಶಕಗಳ ಕಾಲ ಬಂದದ್ದು ಬಹಳ ಕಡಿಮೆ. 2024ರ ಮಾರ್ಚ್‌ನಲ್ಲಿ ಬಿಯಾನ್ಸೆ ತನ್ನ 'ಕೌಬಾಯ್ ಕಾರ್ಟರ್' ಆಲ್ಬಂನಲ್ಲಿ ಆಕೆಯ ಮಾತಿನ ದನಿಯನ್ನು ಸೇರಿಸಿದಾಗ, ಜಗತ್ತು ಯಾರೀಕೆ ಎಂದು ಹುಡುಕಿತು. ಆಗ ಮಾರ್ಟೆಲ್‌ಗೆ 82 ವರ್ಷ. ಆಕೆ ಮಾಡಿದ್ದ ಆಲ್ಬಂ ಅದೊಂದೇ.