ಹಿಂದಿ ಮಾತಾಡಿದ ಆಗುಂಬೆ

1980ರ ದಶಕದಲ್ಲಿ ಮಲ್ಕಾಜ್‌ಗಿರಿಯ ನಮ್ಮ ಮನೆಯ ಟಿವಿಯಲ್ಲಿ, ಭಾನುವಾರ ಎಂದೋ ಒಮ್ಮೆ ಬರುವ ಪ್ರಾದೇಶಿಕ ಚಿತ್ರ ಬಿಟ್ಟರೆ, ಕನ್ನಡವಿರಲಿಲ್ಲ. ಹೈದರಾಬಾದ್ ಕೇಂದ್ರದ್ದು ತೆಲುಗು, ದೆಹಲಿಯದು ಹಿಂದಿ. ಆ ಹಿಂದಿಯಲ್ಲೇ ನಮ್ಮ ತೀರ್ಥಹಳ್ಳಿ ಸೀಮೆ ಮನೆಗೆ ಬಂತು: ಆರ್.ಕೆ. ನಾರಾಯಣರ ಕಥೆಗಳನ್ನು ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’.

ಅದರಲ್ಲಿ ಮಿಠಾಯಿ ಅಂಗಡಿಯ ಜಗನ್ ಆಗಿ ಅನಂತನಾಗ್. ಅಮೆರಿಕದಿಂದ ಮರಳಿದ ಮಗ, ಗ್ರೇಸ್ ಎಂಬ ಹುಡುಗಿಯೊಂದಿಗೆ ಮದುವೆಯಾಗದೆ ಬಾಳುತ್ತಿದ್ದಾನೆಂದು ತಿಳಿದು ಕುಸಿಯುವ ಅಪ್ಪ. ಪರವೂರಿನಲ್ಲಿ ಮಕ್ಕಳನ್ನು ಬೆಳೆಸುತ್ತಿದ್ದ ನಮ್ಮ ಹಿರಿಯರಿಗೆ ಅದು ಪ್ರೇಮಕಥೆಯಾಗಿರಲಿಲ್ಲ, ನಾಳೆಯ ಭಯವಾಗಿತ್ತು.

2000ದಲ್ಲಿ ಈಟಿವಿ ಕನ್ನಡ ಶುರುವಾಯಿತು, ಇದೇ ಹೈದರಾಬಾದಿನ ರಾಮೋಜಿ ಸಮೂಹದಿಂದ. ಕನ್ನಡದ ಪ್ರೇಮಕಥೆಗಳು ದಿನವೂ ಬರತೊಡಗಿದವು. ಅಷ್ಟರಲ್ಲಿ ಮಕ್ಕಳಾದ ನಮ್ಮ ಪ್ರೀತಿ, ಜಗಳಗಳೆಲ್ಲ ತೆಲುಗಿಗೆ ಹೊರಳಿದ್ದವು.