ಹೋಗಿ ಬರುವ ಹಕ್ಕು

ಮನೆಯಿಂದ ಹೊರಡುವವನು ‘ಹೋಗುತ್ತೇನೆ’ ಎಂದರೆ ನಮ್ಮ ಹಿರಿಯರು ಒಪ್ಪುತ್ತಿರಲಿಲ್ಲ. ‘ಹೋಗಿ ಬರುತ್ತೇನೆ’ ಎನ್ನಬೇಕು. ಹೊರಡುವ ಮಾತಿನಲ್ಲಿಯೇ ಮರಳುವ ಭರವಸೆಯೂ ಅಡಕವಾಗಿರಬೇಕೆಂಬುದು ಕನ್ನಡದ ಮನೆಮಾತಿನ ಶಿಷ್ಟಾಚಾರ. ವಿದೇಶಯಾತ್ರೆಗೆ ಅನುಮತಿ ಕೊಡುವ ಕಚೇರಿಗಳೂ ಪ್ರಯಾಣಿಕನಿಂದ ಬಯಸುವುದು ಈ ಭರವಸೆಯನ್ನೇ. ಹೊರದೇಶದ ವಿಜ್ಞಾನ ಸಮ್ಮೇಳನಕ್ಕೆ ಆಹ್ವಾನಿತನಾದ ವಿದ್ವಾಂಸನು ಸಂದರ್ಶಕ ವೀಸಾಕ್ಕೆ ಅರ್ಜಿ ಹಾಕಿದಾಗ, ಅವನು ಯಾವ ಪ್ರಬಂಧವನ್ನು ಓದಲಿದ್ದಾನೆ ಎಂಬುದಕ್ಕಿಂತ, ಓದಿ ಮುಗಿಸಿದ ಮೇಲೆ ಊರಿಗೆ ಹಿಂದಿರುಗುವನೇ ಎಂಬುದೇ ಅಲ್ಲಿ ಮುಖ್ಯ ಪ್ರಶ್ನೆಯಾಗುತ್ತದೆ. ಅಮೆರಿಕದ 1952ರ ವಲಸೆ ಕಾಯಿದೆಯಂತೂ ಸಂದರ್ಶಕ ವೀಸಾ ಬೇಡುವವನನ್ನು ಅಲ್ಲಿಯೇ ನೆಲೆಸಲು ಬರುವವನೆಂದು ಮೊದಲು ಭಾವಿಸಿ, ಹಾಗಲ್ಲವೆಂದು ಸಾಧಿಸುವ ಹೊಣೆಯನ್ನು ಅವನ ಮೇಲೆಯೇ ಹೊರಿಸುತ್ತದೆ. ಮನೆ, ಜಮೀನು, ಉದ್ಯೋಗ, ಸಂಸಾರ, ಬ್ಯಾಂಕಿನಲ್ಲಿರುವ ಹಣ ಇವೆಲ್ಲ ಆ ಸಾಧನೆಗೆ ಒದಗುವ ಸಾಕ್ಷಿಗಳು.

ಮರಳಿ ಬರಬೇಕಾದ ಊರೇ ಕಾಗದಪತ್ರಗಳಲ್ಲಿ ತನ್ನದಲ್ಲದವನ ಪಾಡೇನು? ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೋ ಹುಣಸೂರು ತಾಲ್ಲೂಕಿನ ಗುರುಪುರಕ್ಕೋ ಹೋದರೆ ಸಾಕು.

1959ರ ಮಾರ್ಚ್ ತಿಂಗಳಲ್ಲಿ ದಲೈ ಲಾಮಾ ಅವರು ಲ್ಹಾಸಾವನ್ನು ತೊರೆದು ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಟಿಬೆಟನ್ನರು ಹಿಮಾಲಯವನ್ನು ದಾಟಿದರು. ಇವರಿಗೆ ನೆಲೆ ಕಲ್ಪಿಸಬೇಕೆಂದು ಪ್ರಧಾನಿ ನೆಹರೂ ಅವರು ರಾಜ್ಯಗಳನ್ನು ಕೇಳಿಕೊಂಡಾಗ, ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಭೂಮಿಯನ್ನು ಒದಗಿಸಿತು. 1960ರಲ್ಲಿ ಮೊದಲ ತಂಡಗಳು ಬಂದಿಳಿದಾಗ ಅಲ್ಲಿದ್ದುದು ಕಾಡು. ಹಿಮದ ನಾಡಿನವರು ನಮ್ಮ ಸೆಖೆಯಲ್ಲಿ ಡೇರೆ ಹಾಕಿಕೊಂಡು, ಆನೆಗಳ ಹಾವಳಿಯ ನಡುವೆ ಮರ ಕಡಿದು, ನೆಲ ಹಸನು ಮಾಡಿ ಮುಸುಕಿನ ಜೋಳವನ್ನು ಬೆಳೆದರು. 1969ರಲ್ಲಿ ಬೈಲಕುಪ್ಪೆಯಲ್ಲಿಯೇ ಎರಡನೆಯ ವಸತಿಯೂ 1972ರಲ್ಲಿ ಗುರುಪುರದ ವಸತಿಯೂ ಏರ್ಪಟ್ಟವು. 1419ರಲ್ಲಿ ಲ್ಹಾಸಾದಲ್ಲಿ ಸ್ಥಾಪಿತವಾಗಿದ್ದ ಸೆರಾ ವಿದ್ಯಾಮಠವು 1970ರ ಹೊತ್ತಿಗೆ ಬೈಲಕುಪ್ಪೆಯಲ್ಲಿ ಮರುಹುಟ್ಟು ಪಡೆಯಿತು. ನಮ್ಮ ಸೀಮೆಯವರು ಇವನ್ನೆಲ್ಲ ಇಂದಿಗೂ ‘ಕ್ಯಾಂಪು’ ಎಂದೇ ಕರೆಯುತ್ತಾರೆ. ಅರುವತ್ತು ವರ್ಷ ಮೀರಿದ ಊರಿಗೆ ಬಿಡಾರದ ಹೆಸರು!

ದೇಶವನ್ನು ಕಳೆದುಕೊಂಡವರಿಗೆ ರಹದಾರಿಯನ್ನು ಕೊಡುವ ಕಲ್ಪನೆ ಹುಟ್ಟಿದುದು ಒಂದನೆಯ ಮಹಾಯುದ್ಧದ ತರುವಾಯ. ರಷ್ಯಾದ ಕ್ರಾಂತಿಯಿಂದ ಚದುರಿ ಯೂರೋಪಿನಲ್ಲಿ ಅಲೆಯುತ್ತಿದ್ದ ಲಕ್ಷಾಂತರ ನಿರಾಶ್ರಿತರಿಗಾಗಿ 1922ರಲ್ಲಿ ಒಂದು ಗುರುತಿನ ಪತ್ರವನ್ನು ಜಾರಿಗೆ ತಂದವರು ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್. ಅವರು ಸ್ವತಃ ವಿಜ್ಞಾನಿ ಎಂಬುದು ಗಮನಾರ್ಹ. ಧ್ರುವಪ್ರದೇಶದ ಅನ್ವೇಷಕರೆಂದು ಹೆಸರಾಗುವ ಮೊದಲು, 1888ರಲ್ಲಿ, ನರಮಂಡಲದ ಸೂಕ್ಷ್ಮರಚನೆಯನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದವರು. 1922ರ ನೊಬೆಲ್ ಶಾಂತಿ ಪಾರಿತೋಷಕವೂ ಅವರಿಗೇ ಸಂದಿತು. ಸಂಗೀತಗಾರ ಸ್ಟ್ರಾವಿನ್‌ಸ್ಕಿ, ಚಿತ್ರಕಾರ ಶಗಾಲ್ ಮೊದಲಾದವರು ‘ನಾನ್ಸೆನ್ ಪಾಸ್‌ಪೋರ್ಟ್’ ಹಿಡಿದು ಗಡಿಗಳನ್ನು ದಾಟಿದರು. ಆದರೆ ಮೊದಲ ಏರ್ಪಾಡಿನಲ್ಲಿ ಒಂದು ದೊಡ್ಡ ಕೊರತೆಯಿತ್ತು. ಪತ್ರವನ್ನು ಕೊಟ್ಟ ದೇಶಕ್ಕೆ ಹಿಂದಿರುಗುವ ಹಕ್ಕನ್ನು ಅದು ಕೊಡುತ್ತಿರಲಿಲ್ಲ. ಹೋದವನು ಮತ್ತೆ ಬರಲಾರನೆಂದಾದರೆ ಅವನನ್ನು ಒಳಗೆ ಬಿಟ್ಟುಕೊಳ್ಳಲು ಯಾವ ದೇಶ ತಾನೇ ಮುಂದೆ ಬಂದೀತು? 1926ರಲ್ಲಿ ಮರಳುವ ವೀಸಾವನ್ನು ಪತ್ರದ ಮೇಲೆಯೇ ಒತ್ತಬೇಕೆಂಬ ಒಪ್ಪಂದವನ್ನು ಮಾಡಿಕೊಳ್ಳಬೇಕಾಯಿತು.

ಈ ಹಳೆಯ ತೊಡಕೇ ನಮ್ಮ ನೆರೆಯ ಟಿಬೆಟನ್ನರ ಬಾಳಿನಲ್ಲಿಯೂ ಕಾಣಿಸಿಕೊಂಡಿತು. ಭಾರತವು ನಿರಾಶ್ರಿತರನ್ನು ಕುರಿತ 1951ರ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿದ ದೇಶವಲ್ಲ. ಟಿಬೆಟನ್ನರನ್ನು ಅದು ಔದಾರ್ಯದಿಂದ ಇರಿಸಿಕೊಂಡಿತು. ಕಾನೂನಿನ ದೃಷ್ಟಿಯಲ್ಲಿ ಮಾತ್ರ ಅವರು ನೋಂದಾಯಿತ ವಿದೇಶೀಯರಾಗಿಯೇ ಉಳಿದರು. ಇಲ್ಲಿ ವಾಸಿಸಲು ನೋಂದಣಿ ಪತ್ರ. ಹೊರದೇಶಕ್ಕೆ ಹೋಗಲು ಹಳದಿ ಹೊದಿಕೆಯ ‘ಐಡೆಂಟಿಟಿ ಸರ್ಟಿಫಿಕೇಟ್’. ಈ ಹಳದಿ ಹೊತ್ತಗೆಗೆ ದೆಹಲಿಯಲ್ಲಿರುವ ದಲೈ ಲಾಮಾ ಅವರ ಕಚೇರಿಯ ಶಿಫಾರಸು ಬೇಕು. ಬಹುಕಾಲದವರೆಗೆ, ಇವನು ಭಾರತಕ್ಕೆ ಹಿಂದಿರುಗಲು ಆಕ್ಷೇಪಣೆಯಿಲ್ಲ ಎಂಬ ಮುದ್ರೆಯೂ ಅದರ ಮೇಲೆ ಬೀಳಬೇಕಾಗಿತ್ತು. ಪಿರಿಯಾಪಟ್ಟಣದ ಸೀಮೆಯಲ್ಲಿಯೇ ಹುಟ್ಟಿ, ನಮ್ಮ ಸಂತೆಗಳಲ್ಲಿ ನಮ್ಮದೇ ಕನ್ನಡದಲ್ಲಿ ಚೌಕಾಶಿ ಮಾಡುವವನು ತನ್ನೂರಿಗೆ ಬರಲು ತಾನೇ ಅನುಮತಿ ಬೇಡಬೇಕಾದ ಪರಿಸ್ಥಿತಿ ಅದು.

ಇದರೊಡನೆ ವಿಜ್ಞಾನದ ಅಧ್ಯಯನವೂ ಸೇರಿಕೊಂಡುದು ಈ ಶತಮಾನದ ಕಥೆ. ದಲೈ ಲಾಮಾ ಅವರ ಇಚ್ಛೆಯಂತೆ ಅಮೆರಿಕದ ಅಟ್ಲಾಂಟಾ ನಗರದ ಎಮೊರಿ ವಿಶ್ವವಿದ್ಯಾನಿಲಯವು ಭಿಕ್ಷುಗಳಿಗೆ ಭೌತವಿಜ್ಞಾನ, ಜೀವವಿಜ್ಞಾನ, ನರವಿಜ್ಞಾನಗಳ ಪಾಠಕ್ರಮವನ್ನು ರೂಪಿಸಿತು. 2008ರಲ್ಲಿ ಧರ್ಮಶಾಲೆಯಲ್ಲಿ ಆರಂಭವಾದ ಬೋಧನೆ 2014ರಿಂದ ಸೆರಾ ಮೊದಲಾದ ದಕ್ಷಿಣದ ಮಹಾಮಠಗಳಿಗೆ ಬಂದಿತು. ಈ ನಡುವೆ, 2010ರಲ್ಲಿ, ಆರು ಮಂದಿ ಭಿಕ್ಷುಗಳು ಎಮೊರಿಗೇ ಹೋಗಿ ವಿಜ್ಞಾನವನ್ನು ಕಲಿಯತೊಡಗಿದರು. ನಾನ್ಸೆನ್ನರು ಒಂದು ಕಾಲಕ್ಕೆ ಸೂಕ್ಷ್ಮದರ್ಶಕದಲ್ಲಿ ನೋಡಿದ್ದ ನರಕೋಶಗಳ ವಿಚಾರವು ಬೈಲಕುಪ್ಪೆಯ ಭಿಕ್ಷುಗಳ ವಾದಾಂಗಣವನ್ನು ಹೊಕ್ಕಿತು.

ಇಂತಹ ಭಿಕ್ಷುವೊಬ್ಬನು ಸಮ್ಮೇಳನದ ಆಹ್ವಾನಪತ್ರವನ್ನು ಹಿಡಿದು ವೀಸಾ ಕಚೇರಿಯ ಕಿಂಡಿಯ ಮುಂದೆ ನಿಲ್ಲುವುದನ್ನು ಊಹಿಸಿಕೊಳ್ಳಿ. ಮದುವೆಯಾಗಿದೆಯೇ? ಇಲ್ಲ. ಮನೆ? ಮಠದ ಕೋಣೆ. ಸಂಬಳ? ಇಲ್ಲ. ಸ್ವಂತ ಜಮೀನು? ಇಲ್ಲ. ಸಂನ್ಯಾಸಿಯು ಯಾವುದನ್ನು ಬಿಟ್ಟುಬಂದನೋ ಅದನ್ನೇ ತೋರಿಸೆಂದು ಕಾನೂನು ಕೇಳುತ್ತದೆ. ಅವನಲ್ಲಿರುವ ಸಾಕ್ಷಿಗಳು ಗುರು, ಗ್ರಂಥ, ಮುಗಿಯದ ವ್ಯಾಸಂಗ. ಇವುಗಳ ಬೆಲೆಯನ್ನು ಕಟ್ಟುವ ಅಂಕಣವು ಅರ್ಜಿಯಲ್ಲಿಲ್ಲ. ಅಧಿಕಾರಿಯನ್ನು ದೂಷಿಸಿ ಫಲವಿಲ್ಲ. ಅವನು ನೋಡುವುದು ನಮೂನೆಯನ್ನು.

ಸಮ್ಮೇಳನವೇ ಭಿಕ್ಷುಗಳ ಬಳಿಗೆ ಬಂದುದೂ ಉಂಟು. 2013ರ ಜನವರಿಯಲ್ಲಿ ‘ಮೈಂಡ್ ಅಂಡ್ ಲೈಫ್’ ಸಂಸ್ಥೆಯ ಗೋಷ್ಠಿಯೂ 2016ರ ಡಿಸೆಂಬರಿನಲ್ಲಿ ಎಮೊರಿಯ ವಿಚಾರಸಂಕಿರಣವೂ ಉತ್ತರ ಕನ್ನಡದ ಮುಂಡಗೋಡಿನಲ್ಲಿರುವ ಡ್ರೆಪುಂಗ್ ಮಠದಲ್ಲಿ ನಡೆದವು. ಆದರೆ ಬೈಲಕುಪ್ಪೆ, ಮುಂಡಗೋಡುಗಳ ವಸತಿಗಳಲ್ಲಿ ತಂಗಲು ವಿದೇಶೀಯರು ಭಾರತದ ವೀಸಾದ ಜೊತೆಗೆ ಗೃಹಮಂತ್ರಾಲಯದ ವಿಶೇಷ ಪರವಾನಗಿಯನ್ನೂ ಪಡೆಯಬೇಕು. ಆ ಕಡೆಯ ವಿಜ್ಞಾನಿಯೂ ಅರ್ಜಿ ಹಾಕಿ ಕಾಯಬೇಕಾದವನೇ.

ನ್ಯಾಯಾಲಯಗಳು ಈ ಸಿಕ್ಕನ್ನು ಕೊಂಚ ಸಡಿಲಿಸಿವೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲಿನವರೆಗೆ ಭಾರತದಲ್ಲಿ ಹುಟ್ಟಿದವರು ಜನ್ಮತಃ ಭಾರತೀಯ ಪ್ರಜೆಗಳೆಂಬುದು ಪೌರತ್ವ ಕಾಯಿದೆಯ ವಿಧಿ. ಅದು ಟಿಬೆಟನ್ನರಿಗೂ ಅನ್ವಯಿಸುತ್ತದೆಂದು ದೆಹಲಿ ಉಚ್ಚ ನ್ಯಾಯಾಲಯ 2010ರಲ್ಲಿಯೂ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯ 2013ರಲ್ಲಿಯೂ ತೀರ್ಪು ನೀಡಿದವು. 2016ರಲ್ಲಿ ಮತ್ತೊಂದು ತೀರ್ಪು ಬಂದ ಮೇಲೆ, 2017ರಲ್ಲಿ ಸರ್ಕಾರವು ಅಂಥವರಿಗೆ ಪಾಸ್‌ಪೋರ್ಟ್ ಕೊಡಲು ಒಪ್ಪಿತು. ಆಗ ವಿಧಿಸಿದ ಷರತ್ತುಗಳಲ್ಲಿ ಒಂದು, ಟಿಬೆಟನ್ನರ ವಸತಿಯಲ್ಲಿ ವಾಸಿಸಬಾರದೆಂಬುದು. ಊರಿಗೆ ಮರಳುವ ಹಕ್ಕಿನ ಪತ್ರವನ್ನು ಪಡೆಯಲು ಊರನ್ನೇ ಬಿಡಬೇಕು! 1987ರ ಜುಲೈ ಒಂದರಿಂದೀಚೆಗೆ ಹುಟ್ಟಿದ ಮಕ್ಕಳಿಗಂತೂ ಇಲ್ಲಿ ಜನಿಸಿದ ಮಾತ್ರಕ್ಕೆ ಪೌರತ್ವ ದೊರೆಯದು.

ಹುಣಸೂರು, ಪಿರಿಯಾಪಟ್ಟಣಗಳು ಚಂಗಾಳ್ವರ ನೆಲ. ಹಳೆಯ ದಾನಶಾಸನಗಳನ್ನು ಓದುವಾಗಲೆಲ್ಲ ನನ್ನ ಗಮನ ಸೆಳೆಯುವುದು ಅವುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಪದ: ‘ಆಚಂದ್ರಾರ್ಕ’. ಕೊಟ್ಟ ಭೂಮಿ ಚಂದ್ರಸೂರ್ಯರಿರುವವರೆಗೆ ಪಡೆದವನ ವಂಶದ್ದು ಎಂಬ ಮಾತು ಅದು. ಬೈಲಕುಪ್ಪೆಯ ಮೂರು ಸಾವಿರ ಎಕರೆ ಗುತ್ತಿಗೆಯ ನೆಲ. ಅಲ್ಲಿ ನೆಲೆಸಿದ ಹಿರಿಯರೂ ಆಚಂದ್ರಾರ್ಕವನ್ನು ಬೇಡಲಿಲ್ಲ; ಟಿಬೆಟ್ಟಿಗೆ ಮರಳುವ ಆಸೆ ಅವರದು. ಅವರ ಮೊಮ್ಮಕ್ಕಳು ಕೇಳುವುದಾದರೂ ಹೆಚ್ಚಿನದೇನಲ್ಲ. ಕಲಿತದ್ದನ್ನು ನಾಲ್ಕು ಜನ ವಿದ್ವಾಂಸರ ಮುಂದೆ ಹೇಳಿ, ಅವರು ಹೇಳಿದುದನ್ನು ಕೇಳಿಕೊಂಡು, ಹುಟ್ಟಿದ ಊರಿಗೆ ಬಸ್ಸು ಹತ್ತಿ ಬರಬೇಕು. ನಮ್ಮ ತಾಲ್ಲೂಕುಗಳ ಚರಿತ್ರೆಯನ್ನು ಮುಂದೆ ಬರೆಯುವವರು ಕಲ್ಲಿನ ಶಾಸನಗಳ ಪಕ್ಕದಲ್ಲಿ ಆ ಹಳದಿ ಹೊತ್ತಗೆಯನ್ನೂ ಇಟ್ಟುಕೊಂಡು ಓದಬೇಕಾಗುತ್ತದೆ.