ಬೆಂಗಳೂರಿನ ಕಾಲ್ಚೆಂಡಿನ ಅಂಗಣಗಳು

ಕಾಲ್ಚೆಂಡಾಟಕ್ಕೆಂದೇ ಮೀಸಲಾದ ಕ್ರೀಡಾಂಗಣಗಳು ವೃತ್ತಿಪರ ಕೂಟಗಳೊಡನೆ ಹೇಗೆ ಬೆಳೆದು ಬಂದುವೆಂಬ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಒಂದು ಕ್ರಮವನ್ನು ಹಿಡಿಯುತ್ತಾರೆ. ಮೊದಲು ಕೂಟವು ಹುಟ್ಟುತ್ತದೆ; ಕೆಲವು ಕಾಲ ಪರರ ಅಂಗಣದಲ್ಲಿ ಆಡುತ್ತದೆ; ಅನಂತರ ಪ್ರೇಕ್ಷಕರೂ ಹಣವೂ ಕೂಡಿಬಂದು ತನ್ನದೇ ಆದ ಅಂಗಣವನ್ನು ಕಟ್ಟಿಕೊಳ್ಳುತ್ತದೆ. ಬೆಂಗಳೂರಿನ ಚರಿತ್ರೆಯನ್ನು ನೋಡಿದರೆ ಈ ಕ್ರಮವು ತಲೆಕೆಳಗಾಗಿರುವುದು ಕಂಡುಬರುತ್ತದೆ. ಇಲ್ಲಿ ಮೀಸಲು ಅಂಗಣವು ಮೊದಲೇ ಇದ್ದಿತು. ವೃತ್ತಿಪರ ತಂಡವು ಅದರಲ್ಲಿಯೇ ತನ್ನ ಮೊದಲನೆಯ ವರ್ಷವನ್ನು ಕಳೆದು ಪ್ರಶಸ್ತಿಯನ್ನು ಗಳಿಸಿ, ಗಳಿಸಿದ ಮೇಲೆ ಅದನ್ನು ಬಿಟ್ಟು, ಓಟಗಾರರ ಅಂಗಣದಲ್ಲಿ ಒಕ್ಕಲಾಗಿ ನಿಂತಿತು. ಹೀಗಾಗಲು ಕಾರಣವೇನೆಂಬುದೇ ಪ್ರಕೃತ ಲೇಖನದ ವಿಷಯ.

ಒಂದು ಆಟಕ್ಕೆ ಒಂದು ಸ್ಥಳವನ್ನು ಮೀಸಲಿಡುವ ಭಾವನೆಯು ಪಶ್ಚಿಮದಿಂದ ಬಂದುದೆಂದು ಕೆಲವರು ತಿಳಿದಿರುವುದುಂಟು. ನಮ್ಮ ಗರಡಿಗಳನ್ನು ನೆನೆದರೆ ಈ ಮಾತು ನಿಲ್ಲುವುದಿಲ್ಲ. ಗರಡಿಯ ಮಟ್ಟಿ ಕುಸ್ತಿಗಲ್ಲದೆ ಮತ್ತೊಂದಕ್ಕೆ ಒದಗುವುದಿಲ್ಲ. ಅದರ ಕೆಮ್ಮಣ್ಣನ್ನು ಹದಮಾಡುವ ರೀತಿಯೂ ಪ್ರತ್ಯೇಕ. ಕಾಲ್ಚೆಂಡು ಮಾತ್ರ ನಮ್ಮಲ್ಲಿಗೆ ದಂಡಿನ ಸೋಲ್ಜರರ ಸಂಗಡ ಬಂದ ಬಯಲಾಟ. ಬಯಲು ಎಲ್ಲರದು, ಯಾರದೂ ಅಲ್ಲ. ಈ ಆಟದ ಹುಟ್ಟಿನಲ್ಲಿಯೇ ಇರುವ ಈ ಲಕ್ಷಣವನ್ನು ಮುಂದೆ ಹೇಳುವ ಸಂಗತಿಗಳೊಡನೆ ಹೊಂದಿಸಿ ನೋಡಬೇಕು.

ಬೆಂಗಳೂರಿನವರು ಈ ಆಟದಲ್ಲಿ ಪಡೆದ ಕೀರ್ತಿ ಅಲ್ಪವಾದುದಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡದವರು 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು, ಮರುವರ್ಷ ಮತ್ತೆ ಗೆದ್ದರು. ಅದುವರೆಗೆ ಆ ಪ್ರಶಸ್ತಿಯು ಬ್ರಿಟಿಷ್ ಪಟಾಲಮುಗಳ ಸೊತ್ತಿನಂತಿದ್ದಿತು. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡವು 1946–47, 1952–53, 1967–68 ಮತ್ತು 1968–69ರಲ್ಲಿ ಪಡೆಯಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಬಹುಮಂದಿ ಬರಿಗಾಲಿನಲ್ಲಿ ಆಡಿದ ಭಾರತ ತಂಡವು ಫ್ರಾನ್ಸಿಗೆ 1–2ರಿಂದ ಸೋತಾಗ, ನಮ್ಮ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹ್ಮದ್ ಖಾನರೂ ಈ ಊರಿನವರೇ. ಅವರು ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ‘ಪಂಚ ಪಾಂಡವ’ರಲ್ಲಿ ಒಬ್ಬರೆನಿಸಿದರು. ಆಟಗಾರರನ್ನು ಊರು ಬೆಳೆಸಿತು; ಅವರ ಜೀವನವನ್ನು ಕಲ್ಕತ್ತೆಯ ಮೈದಾನ ನಡೆಸಿತು. ಇಲ್ಲಿಯೇ ಉಳಿದವರಿಗೆ ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಸರ್ಕಾರೀ ಕಾರ್ಖಾನೆಗಳ ತಂಡಗಳೇ ಆಶ್ರಯವಾಗಿದ್ದುವು.

ಅಶೋಕನಗರದಲ್ಲಿರುವ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣವು ಈ ಕಾರ್ಖಾನೆಯ ಆಟದ ಕಾಲಕ್ಕೆ ಸೇರಿದುದು. ರಾಜ್ಯದ ಕಾಲ್ಚೆಂಡು ಸಂಸ್ಥೆಯ ಆಡಳಿತದಲ್ಲಿ ನಡೆದುಬಂದ ಈ ಅಂಗಣದಲ್ಲಿ ಓಟದ ಪಥವಿಲ್ಲ. ಸುಮಾರು 8,000 ಜನ ಕುಳಿತು ನೋಡಬಹುದಾದಷ್ಟೇ ಸ್ಥಳ. ಆದರೆ ಕುಳಿತವರಿಗೆ ಆಟಗಾರನ ಉಸಿರು ಕೇಳುವಷ್ಟು ಸಾಮೀಪ್ಯ. ದೇಶದ ಮೇಲ್ತರಗತಿಯ ಐ-ಲೀಗಿನಲ್ಲಿ ಎಚ್.ಎ.ಎಲ್. ತಂಡವು 2010–11 ಮತ್ತು 2011–12ರಲ್ಲಿ ಆಡಿದುದು ಇಲ್ಲಿಯೇ. 2013ರಲ್ಲಿ ಜೆ.ಎಸ್.ಡಬ್ಲ್ಯು. ಉದ್ಯಮದವರು ಸ್ಥಾಪಿಸಿದ ಬೆಂಗಳೂರು ಎಫ್.ಸಿ.ಯು ಆ ವರ್ಷದ ಸೆಪ್ಟೆಂಬರ್ 22ರಂದು ಮೋಹನ್ ಬಾಗಾನ್ ತಂಡದೊಡನೆ 1–1ರಂತೆ ಸಮ ಮಾಡಿಕೊಂಡು ಲೀಗಿನ ಆಟವನ್ನು ಆರಂಭಿಸಿದುದೂ ಇಲ್ಲಿಯೇ. ಆ್ಯಶ್ಲಿ ವೆಸ್ಟ್‌ವುಡ್ಡರ ಶಿಕ್ಷಣದಲ್ಲಿ, ಸುನಿಲ್ ಛೇತ್ರಿಯವರ ನಾಯಕತ್ವದಲ್ಲಿ, ಮೊದಲ ವರ್ಷವೇ ತಂಡವು ಲೀಗಿನ ಪ್ರಶಸ್ತಿಯನ್ನು ಗೆದ್ದಿತು. ಪಶ್ಚಿಮ ದಿಕ್ಕಿನ ಕಟ್ಟೆಯಲ್ಲಿ ನಿಂತು ಹಾಡುತ್ತಿದ್ದ ಅಭಿಮಾನಿಗಳು ತಮ್ಮನ್ನು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಕರೆದುಕೊಂಡರು. ಕಟ್ಟೆಯನ್ನು ಬಿಟ್ಟು ಹೋದ ಮೇಲೆಯೂ ಹೆಸರು ಉಳಿಯಿತು. ಸ್ಥಳನಾಮಗಳನ್ನು ಶೋಧಿಸುವವರಿಗೆ ಇಂಥ ಸಂಗತಿ ಅಪರಿಚಿತವಲ್ಲ.

2014–15ರ ಋತುವಿನಿಂದ ತಂಡವು ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಬಂದಿತು. ಈ ಸ್ಥಳದ ಪೂರ್ವಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಇದು ಸಂಪಂಗಿ ಕೆರೆಯ ಅಂಗಳ. 1890ರ ದಶಕದಲ್ಲಿ ಹೆಸರಘಟ್ಟದ ನೀರು ನಗರಕ್ಕೆ ಬಂದ ಬಳಿಕ ಊರೊಳಗಿನ ಕೆರೆಗಳ ಉಪಯೋಗವು ಕುಗ್ಗಿತು. ಸಂಪಂಗಿ ಕೆರೆಯೂ ಕ್ರಮವಾಗಿ ಬತ್ತಿಹೋಗಿ ಬಯಲಾಯಿತು. ಈಗ ಉಳಿದಿರುವುದು ಒಂದು ಪುಟ್ಟ ಕೊಳ; ಕರಗದ ಉತ್ಸವದ ಕೆಲವು ವಿಧಿಗಳು ಇಂದಿಗೂ ಅದರ ಬಳಿಯಲ್ಲಿ ನಡೆಯುತ್ತವೆ. ಧರ್ಮಾಂಬುಧಿ ಕೆರೆ ಬಸ್ಸಿನ ನಿಲ್ದಾಣವಾಯಿತು. ಅಕ್ಕಿತಿಮ್ಮನಹಳ್ಳಿಯ ಕೆರೆ ಹಾಕಿ ಆಟದ ಅಂಗಣವಾಯಿತು. ಬೆಂಗಳೂರಿನಲ್ಲಿ ದೊಡ್ಡ ಅಂಗಣವೊಂದಕ್ಕೆ ಬೇಕಾದಷ್ಟು ನೆಲವು ಒಂದೆಡೆ ಸಿಕ್ಕುವುದಾದರೆ ಅದು ಬಹುಮಟ್ಟಿಗೆ ಕೆರೆಯ ಅಂಗಳದಲ್ಲಿಯೇ ಎಂಬುದು ಇದರಿಂದ ತಿಳಿದುಬರುತ್ತದೆ. ಕಂಠೀರವದ ಈಗಿನ ಕಟ್ಟಡವು 1997ರ ರಾಷ್ಟ್ರೀಯ ಕ್ರೀಡೆಗಳಿಗೆ ಬಳಕೆಗೆ ಬಂದಿತು. ಇದು ಸರ್ಕಾರದ ಸ್ವತ್ತು. ಇದರ ಮುಖ್ಯೋದ್ದೇಶ ಓಟ, ನೆಗೆತ, ಎಸೆತಗಳು.

ಓಟದ ಪಥವು ನಡುವೆ ಬಂದರೆ ಕೆಡುವುದೇನು ಎಂದು ವಾಚಕರು ಕೇಳಬಹುದು. ಲೆಕ್ಕವನ್ನು ಹಾಕಿಯೇ ನೋಡೋಣ. 400 ಮೀಟರಿನ ಪ್ರಮಾಣಬದ್ಧ ಪಥದಲ್ಲಿ ನೇರಭಾಗದ ಉದ್ದ 84.39 ಮೀಟರು, ತಿರುವಿನ ತ್ರಿಜ್ಯ 36.50 ಮೀಟರು, ಎಂಟು ಸಾಲುಗಳಲ್ಲಿ ಒಂದೊಂದರ ಅಗಲ 1.22 ಮೀಟರು. ಇದರೊಳಗೆ 105 ಮೀಟರು ಉದ್ದ, 68 ಮೀಟರು ಅಗಲದ ಕಾಲ್ಚೆಂಡಿನ ಕಣವನ್ನು ಇಟ್ಟರೆ, ಕಣದ ಎರಡು ತುದಿಗಳೂ ತಿರುವಿನೊಳಕ್ಕೆ ಹತ್ತು ಹತ್ತು ಮೀಟರು ಚಾಚುತ್ತವೆ. ಮೂಲೆಯಿಂದ ಪಥದ ಅಂಚಿಗೆ ಒಂದು ಮೀಟರಿನಷ್ಟೇ ಎಡೆ. ಪಕ್ಕದಲ್ಲಿ ಕುಳಿತವನಿಗೂ ಕಣದ ಗೆರೆಗೂ ಕಡಿಮೆಯೆಂದರೆ 12 ಮೀಟರು ದೂರ. ಗೋಲಿನ ಹಿಂದೆ ಕುಳಿತವನಿಗೆ 36 ಮೀಟರು. ಕಾಲ್ಚೆಂಡಿನಲ್ಲಿ ಉತ್ಸಾಹವೆಲ್ಲ ಗೋಲಿನ ಬಾಯಲ್ಲಿ. ಆ ಉತ್ಸಾಹಿಗಳೇ ಎಲ್ಲರಿಗಿಂತ ದೂರದಲ್ಲಿ ಕುಳಿತಿರಬೇಕು. ಓಟಗಾರರ ಕಡೆಯಿಂದ ನೋಡಿದರೂ ಕಷ್ಟ ಕಡಿಮೆಯಲ್ಲ. ಈಟಿಯೂ ಸುತ್ತಿಗೆಗುಂಡೂ ಬೀಳಬೇಕಾದುದು ಅದೇ ಹುಲ್ಲಿನ ಮೇಲೆ. ಪಂದ್ಯದ ಸಿದ್ಧತೆಯ ದಿನಗಳಲ್ಲಿ ಅಭ್ಯಾಸಕ್ಕೆ ಅಡ್ಡಿ. ಈ ಜಗಳವು ನ್ಯಾಯಾಲಯದವರೆಗೂ ಹೋಯಿತು. ಓಟಗಾರರ ವಾದವು ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ. ಅಂಗಣವನ್ನು ಕಟ್ಟಿದುದು ಅವರಿಗಾಗಿ. ಕಾಲ್ಚೆಂಡಿನವರೂ ತಪ್ಪಿತಸ್ಥರಲ್ಲ, ಅವರಿಗೆ ಬೇರೆ ಮನೆಯಿಲ್ಲ.

ಆದರೂ ಈ ಬಾಡಿಗೆಯ ಮನೆಯಲ್ಲಿ ದೊಡ್ಡ ದಿನಗಳು ಬಂದುವು. 2016ರ ಅಕ್ಟೋಬರ್ 19ರಂದು ಮಲೇಷ್ಯದ ಜೊಹೋರ್ ತಂಡವನ್ನು ಇಲ್ಲಿ 3–1ರಿಂದ ಸೋಲಿಸಿದ ಬೆಂಗಳೂರು ತಂಡವು ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಮೊದಲ ಭಾರತೀಯ ತಂಡವಾಯಿತು. 2017ರಲ್ಲಿ ತಂಡವು ಇಂಡಿಯನ್ ಸೂಪರ್ ಲೀಗನ್ನು ಸೇರಿತು. 2018ರ ಮಾರ್ಚಿಯಲ್ಲಿ ಆ ಲೀಗಿನ ಅಂತಿಮ ಪಂದ್ಯವು ಇಲ್ಲಿ ನಡೆದು ಚೆನ್ನೈ ತಂಡವು 3–2ರಿಂದ ಗೆದ್ದಿತು.

ಹೊರದೇಶಗಳ ಉದಾಹರಣೆಗಳು ಈ ಎಡೆಯಲ್ಲಿ ಪ್ರಯೋಜನಕ್ಕೆ ಬರುತ್ತವೆ. 1892ರಲ್ಲಿ ಲಿವರ್‌ಪೂಲ್ ನಗರದ ಎವರ್ಟನ್ ತಂಡದವರು ಆ್ಯನ್‌ಫೀಲ್ಡ್ ಅಂಗಣದ ಬಾಡಿಗೆಯ ವಿಚಾರವಾಗಿ ಜಾನ್ ಹೌಲ್ಡಿಂಗನೊಡನೆ ಕಲಹವಾಗಿ, ಹೊರಬಿದ್ದು ಗುಡಿಸನ್ ಪಾರ್ಕನ್ನು ಕಟ್ಟಿಕೊಂಡರು. ಬರಿದಾದ ಅಂಗಣವನ್ನು ತುಂಬಲು ಹೌಲ್ಡಿಂಗನು ಹೊಸದೊಂದು ತಂಡವನ್ನೇ ಹುಟ್ಟಿಸಿದನು. ಅದೇ ಲಿವರ್‌ಪೂಲ್ ಎಫ್.ಸಿ. ತಂಡಕ್ಕಾಗಿ ಅಂಗಣವಲ್ಲ, ಅಂಗಣಕ್ಕಾಗಿ ತಂಡ! ಅಮೆರಿಕದಲ್ಲಿ 1996ರಲ್ಲಿ ಆರಂಭವಾದ ಮೇಜರ್ ಲೀಗ್ ಸಾಕರಿನ ತಂಡಗಳು ಮೊದಲು ಅಲ್ಲಿನ ದೇಶೀಯ ಫುಟ್‌ಬಾಲಿನ ವಿಶಾಲವಾದ ಅಂಗಣಗಳಲ್ಲಿ ಅರೆಬರಿದಾದ ಪೀಠಗಳ ನಡುವೆ ಆಡುತ್ತಿದ್ದುವು. 1999ರಲ್ಲಿ ಲಮಾರ್ ಹಂಟ್ ಎಂಬ ಧನಿಕನು ಕೊಲಂಬಸ್ ನಗರದಲ್ಲಿ ಸುಮಾರು 22,000 ಜನಕ್ಕೆ ಸಾಲುವ ಕಾಲ್ಚೆಂಡಿನ ಅಂಗಣವನ್ನು ಕಟ್ಟಿಸಿದ ಮೇಲೆ ಇತರರು ಒಬ್ಬೊಬ್ಬರಾಗಿ ಆ ದಾರಿಯನ್ನು ಹಿಡಿದರು. ಈ ಎರಡು ಕಥೆಗಳಲ್ಲಿಯೂ ನಿರ್ಣಾಯಕವಾದುದು ಅಭಿಮಾನಿಗಳ ಸಂಖ್ಯೆಯಲ್ಲ, ನೆಲದ ಒಡೆತನ.

ನಮ್ಮಲ್ಲಿ ಆ ನೆಲವೆಲ್ಲಿ? ನಗರದ ಪಶ್ಚಿಮಭಾಗವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರ ಇವು ಸ್ವಾತಂತ್ರ್ಯಾನಂತರದ ಯೋಜಿತ ಬಡಾವಣೆಗಳು. 1945ರಲ್ಲಿ ಹುಟ್ಟಿದ ನಗರ ಸುಧಾರಣಾ ಮಂಡಲಿಯೂ, 1976ರಲ್ಲಿ ಅದರ ಸ್ಥಾನಕ್ಕೆ ಬಂದ ಅಭಿವೃದ್ಧಿ ಪ್ರಾಧಿಕಾರವೂ ಇಂಥ ಬಡಾವಣೆಗಳಲ್ಲಿ ಉದ್ಯಾನಗಳಿಗೂ ಮಕ್ಕಳ ಆಟದ ಬಯಲುಗಳಿಗೂ ಜಾಗವನ್ನು ಬಿಟ್ಟುವು. ಕಾಲ್ಚೆಂಡಿನ ಕಣವೊಂದರ ವಿಸ್ತೀರ್ಣ 7,140 ಚದರ ಮೀಟರು. ಎಂದರೆ ಮೂವತ್ತು-ನಲವತ್ತು ಅಡಿಗಳ 64 ನಿವೇಶನಗಳು. ಪೀಠಗಳು, ದಾರಿಗಳು, ವಾಹನ ನಿಲ್ಲುವ ಸ್ಥಳ ಇವು ಬೇರೆ. ಮನೆಗಾಗಿ ವರ್ಷಾನುಗಟ್ಟಲೆ ಕಾದಿರುವ ಜನರ ಪಟ್ಟಿಯನ್ನು ಕೈಯಲ್ಲಿ ಹಿಡಿದ ಅಧಿಕಾರಿಯು ಇಷ್ಟು ನೆಲವನ್ನು ಒಂದೇ ಆಟಕ್ಕೆ ಕೊಡುವನೆಂದು ನಿರೀಕ್ಷಿಸುವುದು ಕಷ್ಟ. ವೃತ್ತಿಪರ ಲೀಗಿನ ಒಂದು ಪಂದ್ಯವೂ ಈ ಬಡಾವಣೆಗಳಲ್ಲಿ ನಡೆದಿಲ್ಲ. ಅಭಿಮಾನಿಗಳ ಕಟ್ಟೆಯ ಹೆಸರಿನಲ್ಲಲ್ಲದೆ ಪಶ್ಚಿಮಕ್ಕೆ ಈ ಕೂಟದಲ್ಲಿ ಬೇರೆ ಸ್ಥಾನವಿಲ್ಲ ಎಂದು ವಿನೋದಕ್ಕೆ ಹೇಳಬಹುದು. 2016ರಲ್ಲಿ ಮೆಟ್ರೋ ರೈಲಿನ ನೆಲದೊಳಗಿನ ಭಾಗವು ತೆರೆದ ಮೇಲೆ ವಿಜಯನಗರದವರಿಗೂ, 2021ರಲ್ಲಿ ಮಾರ್ಗವು ಮುಂದುವರಿದ ಮೇಲೆ ಕೆಂಗೇರಿಯವರಿಗೂ, ಕಬ್ಬನ್ ಉದ್ಯಾನದ ಬಳಿ ಇಳಿದು ಕಂಠೀರವಕ್ಕೆ ನಡೆದುಹೋಗುವುದು ಸುಲಭವಾಯಿತು. ಅಂಗಣವು ಜನರ ಬಳಿಗೆ ಬರಲಿಲ್ಲ. ಜನರೇ ಅಂಗಣದ ಬಳಿಗೆ ಹೋದರು.

ನೆಲದ ಜೊತೆಗೆ ಕಾಲದ ಪ್ರಶ್ನೆಯೂ ಉಂಟು. ಅಂಗಣಕ್ಕೆ ಹಾಕಿದ ಹಣವು ಮರಳಿ ಬರಲು ಹಲವು ದಶಕಗಳು ಬೇಕು. ಸೂಪರ್ ಲೀಗಿಗೆ ಆಧಾರವಾದ ಒಪ್ಪಂದವಾದರೋ 2010ರ ಡಿಸೆಂಬರಿನಲ್ಲಿ ಅಖಿಲ ಭಾರತ ಸಂಸ್ಥೆಯೂ ಅದರ ವಾಣಿಜ್ಯ ಪಾಲುದಾರರೂ 15 ವರ್ಷಗಳಿಗೆ, 700 ಕೋಟಿ ರೂಪಾಯಿಗಳಿಗೆ ಮಾಡಿಕೊಂಡುದು. ಲೀಗು 2014ರಲ್ಲಿ ಆರಂಭವಾಯಿತಾದುದರಿಂದ, ಮೊದಲ ಚೆಂಡು ಉರುಳುವ ಹೊತ್ತಿಗೇ ಅವಧಿಯ ಕಾಲುಭಾಗ ಸಂದಿತ್ತು. 2017ರಲ್ಲಿ ಸೇರಿದ ಬೆಂಗಳೂರಿಗೆ ಉಳಿದುದು ಎಂಟೇ ವರ್ಷ. ಎಂಟು ವರ್ಷದ ಭರವಸೆಯ ಮೇಲೆ ಮೂವತ್ತು ವರ್ಷದ ಕಟ್ಟಡವನ್ನು ಯಾವ ವರ್ತಕನೂ ಎಬ್ಬಿಸಲಾರನು. ಒಪ್ಪಂದದ ನವೀಕರಣವು ಇತ್ಯರ್ಥವಾಗದೆ 2025ರಲ್ಲಿ ಲೀಗು ಸಕಾಲಕ್ಕೆ ಮೊದಲಾಗಲಿಲ್ಲ. ಆ ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ.ಯು ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ತಡೆಹಿಡಿಯಿತು.

ಇದರ ನಡುವೆ 2023ರ ಮಾರ್ಚಿಯಲ್ಲಿ ಕರ್ನಾಟಕವು 54 ವರ್ಷಗಳ ತರುವಾಯ ಸಂತೋಷ್ ಟ್ರೋಫಿಯನ್ನು ಮತ್ತೆ ಗೆದ್ದುದನ್ನೂ ಹೇಳಬೇಕು. ಆ ಅಂತಿಮ ಪಂದ್ಯವು ನಡೆದುದು ಸೌದಿ ಅರೇಬಿಯದ ರಿಯಾದ್ ನಗರದಲ್ಲಿ.